ಚಿಕ್ಕಪ್ಪನ ಎಲೆಗೆ ಬಂದ ನಾಲ್ಕನೇ ಬಾಟ್ಲಿ

ಬದುಕಿದ್ದವರ ಮೇಲೆ ಎಷ್ಟು ಬೇಕಾದರೂ ಮುನಿಸಿಕೊಳ್ಳಬಹುದು, ಸತ್ತವರ ಮೇಲೆ ಆಗುವುದಿಲ್ಲ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ, ತೀರಿಹೋದ ಹಿರಿಯರಿಗೆ ಬಡಿಸುವ ದಿನ ಕುಟುಂಬದ ದೊಡ್ಡ ಗಂಡಸು ಬಾರದಿದ್ದರೆ ಎಲೆ ಹಾಕುವಂತೆಯೇ ಇಲ್ಲ. ಆ ಒಂದೇ ಕಾರಣಕ್ಕೆ ತೀರ್ಥರಾಮ ಹನ್ನೊಂದು ತಿಂಗಳ ನಂತರ ಜಯಪ್ರಕಾಶನ ಮನೆಗೆ ಹೊರಟಿದ್ದ. ಸುಳ್ಯದಿಂದ ಬೆಳ್ಳಾರೆಯವರೆಗೆ ಬಸ್ಸಿನಲ್ಲಿ ಹೆಂಡತಿ ಸೇವಂತಿಯ ಪಕ್ಕ ಕಿಟಕಿಗೆ ಮುಖ ಮಾಡಿ ಕೂತಿದ್ದ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು.

"ಅಲ್ಲಿ ಹೋಗಿ ಎಂತದೂ ಮಾತಾಡ್ಬೇಡಿ," ಎಂದಳು ಸೇವಂತಿ, ಬಸ್ಸಿಳಿಯುವಾಗ. "ಬಡಿಸುದು, ಊಟ ಮಾಡುದು, ಬರುದು. ಅಷ್ಟೇ."

"ಊಟವಾ? ಆ ಮನೆಯ ನೀರು ನನ್ನ ಗಂಟಲಲ್ಲಿ ಇಳಿದರೆ ಮತ್ತೆ ಹೇಳು."

"ಚಿಕ್ಕಪ್ಪನ ಮುಖ ನೋಡಿ ಆದ್ರೂ."

ಚಿಕ್ಕಪ್ಪನ ಮುಖ! ಮಿಲಿಟರಿಯಲ್ಲಿದ್ದು ಬಂದ ಕುಶಾಲಪ್ಪ ಚಿಕ್ಕಪ್ಪ ಕಳೆದ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಅವತ್ತೂ ತೀರ್ಥರಾಮ ಮನೆಗೆ ಬಾರದೆ, ಸ್ಮಶಾನದಿಂದಲೇ ವಾಪಸು ಹೋಗಿದ್ದ. ಅವರೇ ತೀರ್ಥರಾಮನನ್ನು ಮೂವತ್ತರ ಪ್ರಾಯದಲ್ಲಿ ಪುತ್ತೂರಿನ ಕ್ಲಬ್ಬಿಗೆ ಬಾರ್ ನೋಡಿಕೊಳ್ಳಲು ಸೇರಿಸಿದವರು. ಇಪ್ಪತ್ತೆಂಟು ವರ್ಷ ಅವನು ಅಲ್ಲಿ ಗ್ಲಾಸು ಒರೆಸಿದ, ಪೆಗ್ ಅಳೆದ, ಒಂದು ತೊಟ್ಟು ಹೆಚ್ಚುಕಮ್ಮಿ ಮಾಡಲಿಲ್ಲ. ಕೊನೆಗೆ ಅದೇ ಕ್ಲಬ್ಬಿನಿಂದ ವಿಸ್ಕಿಗೆ ಬೆರಕೆ ಹಾಕಿದ ಕಳ್ಳ ಎಂಬ ಹೆಸರು ಹೊತ್ತು ಹೊರಗೆ ಬಂದ. ಹೊರಗೆ ಹಾಕಿಸಿದವನು ಬೇರೆ ಯಾರೂ ಅಲ್ಲ, ಕ್ಲಬ್ಬಿನ ಸೆಕ್ರೆಟರಿ ಜಯಪ್ರಕಾಶ. ಚಿಕ್ಕಪ್ಪನ ಸ್ವಂತ ಮಗ.

ನಡೆದದ್ದು ಇಷ್ಟು. ಕಳೆದ ಸೆಪ್ಟೆಂಬರಿನಲ್ಲಿ ಕ್ಲಬ್ಬಿನವರಿಗೆ ವಿಸ್ಕಿ ಟೇಸ್ಟಿಂಗ್ ಮಾಡುವ ಖಯಾಲಿ ಹತ್ತಿತು. ಜಯಪ್ರಕಾಶ ಯಾರೋ ಏಜೆಂಟನ ಕೈಯಿಂದ ನಾಲ್ಕು ಬಾಟ್ಲಿ ಬ್ಲೆಂಡೆಡ್ ಮಾಲ್ಟ್ ಸ್ಕಾಚ್ ತರಿಸಿದ. ಲೇಬಲಿನಲ್ಲಿ ಕಲ್ಲಿನ ಸೇತುವೆಯ ಚಿತ್ರ. ಬ್ಲೆಂಡೆಡ್ ಮಾಲ್ಟ್ ಎಂದರೆ ಕಂಡಕಂಡ ಸ್ಪಿರಿಟ್ ಬೆರೆಸಿದ್ದಲ್ಲ. ನಾಲ್ಕೈದು ಭಟ್ಟಿಗಳಲ್ಲಿ ಇಳಿಸಿ, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ಬಾರ್ಲಿ ಮಾಲ್ಟಿನ ವಿಸ್ಕಿಗಳನ್ನು ಮಾತ್ರ ಒಟ್ಟು ಮಾಡಿದ್ದು. ಒಳ್ಳೆಯ ಕೂಡುಕುಟುಂಬದ ಹಾಗೆ. ಒಬ್ಬನ ಸಿಹಿ, ಇನ್ನೊಬ್ಬನ ಖಾರ, ಮತ್ತೊಬ್ಬನ ಹೊಗೆವಾಸನೆ, ಯಾರೂ ಯಾರನ್ನೂ ಮೆಟ್ಟುವುದಿಲ್ಲ. ಅವತ್ತು ಮೊದಲ ಬಾಟ್ಲಿ ತೆರೆದು ಸುರಿಯುವಾಗಲೇ ತೀರ್ಥರಾಮನ ಮೂಗಿಗೆ ಹೊಡೆದದ್ದು ಬೇಕರಿಯ ಎಸೆನ್ಸ್. ಅದರ ಹಿಂದೆ ನೆತ್ತಿಗೇರುವ ಸ್ಪಿರಿಟ್. ಅದರ ಹಿಂದೆ ಏನೂ ಇಲ್ಲ.

ಅಷ್ಟರಲ್ಲಿ ಅಧ್ಯಕ್ಷರು ಗ್ಲಾಸು ಎತ್ತಿ ಭಾಷಣ ಶುರು ಮಾಡಿಯಾಗಿತ್ತು. ಜೇನಂತೆ, ಒಣದ್ರಾಕ್ಷಿಯಂತೆ, ಸಮುದ್ರದ ಗಾಳಿಯಂತೆ! ಉಳಿದವರು ಕಣ್ಣು ಮುಚ್ಚಿ "ಆಹಾ" ಎಂದರು. ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ! ತೀರ್ಥರಾಮ ತಮ್ಮನನ್ನು ಮೂಲೆಗೆ ಕರೆದು, "ಜಯ, ಇದು ಡೂಪ್ಲಿಕೇಟ್ ಮಾರಾಯ," ಎಂದ. ಒಳ್ಳೆಯದಕ್ಕೇ ಹೇಳಿದ್ದು, ಕುಡಿದವರಿಗೆ ಏನಾದರೂ ಆದರೆ ಎಂದು. ಆದರೆ ಆ ಮಾತು ಒಬ್ಬರ ಕಿವಿಗೆ ಬಿತ್ತು, ಅಲ್ಲಿಂದ ಸಭೆಗೆ ಬಿತ್ತು. ಕೇಕಿನ ಎಸೆನ್ಸನ್ನು ಕಾಲು ಗಂಟೆ ಹೊಗಳಿದ ಅಧ್ಯಕ್ಷರು ಈಗ ಎಲ್ಲಿಗೆ ಮುಖ ಹಾಕುವುದು? ಅದಕ್ಕೆ ಒಂದು ದಾರಿ ಹುಡುಕಿದರು. ಬಾಟ್ಲಿ ಅಸಲೇ, ಮೊದಲ ಪೆಗ್ ಅಸಲೇ, ಆಮೇಲೆ ಬೆರಕೆ ಮಾಡಿದವನು ತೀರ್ಥರಾಮ. ವಾರ ಕಳೆದ ಮೇಲೆ, ಸೀಲು ಒಡೆಯದೆ ಉಳಿದ ನಾಲ್ಕನೇ ಬಾಟ್ಲಿಯನ್ನು ಲ್ಯಾಬಿಗೆ ಕಳಿಸಿದ್ದೆವು, ಒರಿಜಿನಲ್ ಎಂದೇ ರಿಪೋರ್ಟ್ ಬಂದಿದೆ ಎಂದೂ ಹೇಳಿದರು.

ಮಾರನೇ ದಿನ ಜಯಪ್ರಕಾಶ, 'ಬೆರಕೆ ಮಾಡಿದ್ದು ನಾನೇ' ಎಂದು ತೀರ್ಥರಾಮನ ಹೆಸರಿನಲ್ಲಿ ಟೈಪ್ ಮಾಡಿದ ಕಾಗದ ಹಿಡಿದು ಮನೆಗೆ ಬಂದ. "ಸಹಿ ಹಾಕಣ್ಣ. ಪೊಲೀಸ್ ಕೇಸ್ ಆಗದ ಹಾಗೆ ನಾನು ನೋಡಿಕೊಳ್ತೇನೆ. ಇದು ಫೈಲಿನಲ್ಲಿ ಇರ್ತದೆ, ಯಾರೂ ನೋಡುದಿಲ್ಲ." ಪೊಲೀಸ್ ಎಂದ ಕೂಡಲೇ ಸೇವಂತಿ ಅಳತೊಡಗಿದಳು. ತೀರ್ಥರಾಮ ಸಹಿ ಹಾಕಿದ. ಸಂಜೆಯೊಳಗೆ ಆ ಕಾಗದದ ಫೋಟೊ ಕ್ಲಬ್ಬಿನ ವಾಟ್ಸಾಪ್ ಗ್ರೂಪಿಗೆ ಬಿತ್ತು. ನೂರನಾಲ್ವತ್ತು ಜನರ ಗ್ರೂಪು; ಮಾರನೇ ಬೆಳಿಗ್ಗೆಗೆ ಪುತ್ತೂರು, ಸುಳ್ಯ, ಕಡಬ ಎಲ್ಲ ಕಡೆ ಸುದ್ದಿ. ಬೇರೆ ಬಾರ್‌ಗಳಿಗೆ ಕೆಲಸ ಕೇಳಲು ಹೋದರೆ, "ಓ, ಕ್ಲಬ್ಬಿನ ತೀರ್ಥರಾಮ ನೀವೇಯಾ?" ಎಂದು ನಗುವುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇವನದು ಒಂದು ಸಹಿಗೆ ಹೋಗಿತ್ತು.

ಸುದ್ದಿ ಕೇಳಿದ ಚಿಕ್ಕಪ್ಪ ಫೋನ್ ಮಾಡಿ ಒಂದೇ ಮಾತು ಕೇಳಿದ್ದರು. "ತೀರ್ಥ, ನಿನ್ನ ಮೂಗು ಸುಳ್ಳು ಹೇಳುದಿಲ್ಲ ಅಂತ ನಂಗೊತ್ತು. ನಿನ್ನ ಕೈ ಯಾಕೆ ಸುಳ್ಳಿಗೆ ಸಹಿ ಹಾಕಿತು ಮಾರಾಯ?"

ಅದಕ್ಕೆ ಉತ್ತರ ಕೊಡುವ ಮೊದಲೇ ಚಿಕ್ಕಪ್ಪ ಹೋಗಿಬಿಟ್ಟರು.

ಈಗ ಬೆಳ್ಳಾರೆಯ ಮನೆಯಲ್ಲಿ ಜಯಪ್ರಕಾಶ ಗೇಟಿನವರೆಗೆ ಬಂದು, "ಬಾ ಅಣ್ಣ, ಬನ್ನಿ ಅತ್ತಿಗೆ," ಎಂದು ಹಲ್ಲು ಕಿರಿದ. ತೀರ್ಥರಾಮ ಅವನ ಪಕ್ಕದಿಂದ ಹಾದು ನೇರ ಒಳಗೆ ಹೋಗಿ ದೇವಕಿ ಚಿಕ್ಕಮ್ಮನ ಕಾಲು ಮುಟ್ಟಿದ. ಎಂಬತ್ತರ ಹತ್ತಿರದ ಚಿಕ್ಕಮ್ಮ ಸೊಂಟ ಬಗ್ಗಿದ್ದರೂ ಮನೆಯ ಕಟ್ಟುಕಟ್ಟಳೆಯಲ್ಲಿ ಒಂದು ಕೂದಲೆಳೆ ಬಿಟ್ಟುಕೊಡುವವಳಲ್ಲ. ಒಳಕೋಣೆಯಲ್ಲಿ ಮಣೆ ಇಟ್ಟು, ಬಾಳೆಲೆ ಹಾಕಿ, ದೀಪ ಹಚ್ಚಿಯಾಗಿತ್ತು. ಜಯಪ್ರಕಾಶನ ಹೆಂಡತಿ ವಾಸಂತಿ ಕೋಳಿಸಾರು, ಎಳೆ ಬಿದಿರಿನ ಕಣಿಲೆ ಪಲ್ಯ, ಕೆಸುವಿನ ಪತ್ರೊಡೆ ಸಾಲಾಗಿ ತಂದಿಟ್ಟಳು.

"ಅವರ ಬಾಟ್ಲಿ ನನ್ನ ಕಪಾಟಿನಲ್ಲಿ ಉಂಟು," ಎಂದಳು ಚಿಕ್ಕಮ್ಮ. "ಅದನ್ನೇ ಇಡುವ ಅಂತ ನಾನು ಹೇಳಿದ್ದು. ಇವ ಕೇಳುದಿಲ್ಲ."

"ಹೇ, ಕುಡಿದು ಉಳಿದದ್ದನ್ನು ಅಪ್ಪನಿಗೆ ಇಡುದಾ?" ಎಂದ ಜಯಪ್ರಕಾಶ. "ಸೀಲು ಸಮೇತ ಹೊಸತು ತಂದಿದ್ದೇನೆ. ಅದೇ ಬ್ರಾಂಡ್, ಅಪ್ಪನ ಇಷ್ಟದ್ದು." ಎಲ್ಲರಿಗೂ ಕಾಣುವ ಹಾಗೆ ಬಾಟ್ಲಿ ಎತ್ತಿ ಹಿಡಿದು ಮುಚ್ಚಳ ತಿರುಗಿಸಿದ. ಕಟಕ್ ಎಂದು ಸೀಲು ಒಡೆಯಿತು. ಅವನ ಮಗ ಸಂಪ್ರೀತ್ ಅದರದ್ದೊಂದು ಫೋಟೊ ಕೂಡ ಹೊಡೆದ.

ಚಿಕ್ಕಮ್ಮ ಹೇಳಿದ ಹಳೇ ಬಾಟ್ಲಿ ತೀರ್ಥರಾಮನಿಗೆ ಚೆನ್ನಾಗಿ ಗೊತ್ತು. ಇಪ್ಪತ್ತೈದು ವರ್ಷದ ಚಾಕರಿ ಮೆಚ್ಚಿ ಕ್ಲಬ್ಬಿನ ಹಳೇ ಮೆಂಬರೊಬ್ಬರು ಸ್ಕಾಟ್ಲೆಂಡಿಗೆ ಹೋಗಿ ಬರುವಾಗ ತಂದುಕೊಟ್ಟದ್ದು. ಅವನು ಅದನ್ನು ತಂದು ಚಿಕ್ಕಪ್ಪನ ಕೈಯಲ್ಲಿಟ್ಟಿದ್ದ. ಪ್ರತಿ ದೀಪಾವಳಿಗೆ ಇಬ್ಬರೇ ಕೂತು ಒಂದೊಂದು ಪೆಗ್. ಚಿಕ್ಕಪ್ಪ ಬಾಟ್ಲಿಯ ಮೇಲೆ ಪೆನ್ನಿನಿಂದ ಗೆರೆ ಎಳೆದು ತಾರೀಕು ಬರೆಯುತ್ತಿದ್ದರು. ಕಳೆದ ದೀಪಾವಳಿಗೆ ತೀರ್ಥರಾಮ ಜಯಪ್ರಕಾಶನ ಮುಖ ನೋಡಲಾಗದೆ ಬರಲಿಲ್ಲ. ಒಬ್ಬರೇ ಕುಡಿಯಲು ಮನಸ್ಸಾಗದೆ ಚಿಕ್ಕಪ್ಪ ಮುಚ್ಚಳ ತೆರೆಯಲಿಲ್ಲವಂತೆ.

ಎಲೆಗೆ ಮೊದಲ ಅಗುಳು ಬಿದ್ದ ಮೇಲೆ ಯಾರೂ ಬಾಯಿ ತೆರೆಯುವಂತಿಲ್ಲ. ಬಡಿಸಿ, ಬಾಗಿಲು ಹಾಕಿಕೊಂಡು ಹೊರಗೆ ನಿಂತು, ಮತ್ತೆ ಬಾಗಿಲು ತೆರೆಯುವವರೆಗೆ ಮನೆಯಲ್ಲಿ ಒಂದು ಶಬ್ದ ಕೇಳಬಾರದು. ಮಾತು ಕೇಳಿದರೆ ಸತ್ತವರು ಅರ್ಧ ಊಟದಲ್ಲಿ ಎದ್ದು ಹೋಗುತ್ತಾರೆ. ತೀರ್ಥರಾಮ ಅನ್ನ ಬಡಿಸಿದ, ಸಾರು ಬಡಿಸಿದ, ಪಲ್ಯ ಬಡಿಸಿದ. ಕೊನೆಗೆ ಬಾಟ್ಲಿ ಎತ್ತಿ ಗ್ಲಾಸಿಗೆ ಬಗ್ಗಿಸಿದ.

ಬೇಕರಿ ಎಸೆನ್ಸ್. ಅದರ ಹಿಂದೆ ಸ್ಪಿರಿಟ್. ಅದರ ಹಿಂದೆ ಏನೂ ಇಲ್ಲ.

ಬಗ್ಗಿಸಿದ ಬಾಟ್ಲಿಯ ತಳ ಅವನ ಕಣ್ಣೆದುರೇ ಇತ್ತು. ಆ ತಳದಲ್ಲಿ ಕೆಂಪು ನೈಲ್ ಪಾಲಿಶಿನ ನಾಲ್ಕು ಚುಕ್ಕೆ. ಕ್ಲಬ್ಬಿಗೆ ಮಾಲು ಬಂದಾಗ ಬಾಟ್ಲಿ ಅದಲುಬದಲಾಗದ ಹಾಗೆ ಅವನು ಒಂದನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ಚುಕ್ಕೆ ಇಡುತ್ತಿದ್ದ. ಫ್ಯಾನ್ಸಿ ಅಂಗಡಿಯಲ್ಲಿ ನೈಲ್ ಪಾಲಿಶ್ ಕೇಳಿ ನಗೆಪಾಟಲಾದರೂ ಇಪ್ಪತ್ತೆಂಟು ವರ್ಷ ಆ ಪದ್ಧತಿ ಬಿಟ್ಟಿರಲಿಲ್ಲ. ಇದು ಅದೇ ನಾಲ್ಕನೇ ಬಾಟ್ಲಿ. ಲ್ಯಾಬಿಗೆ ಹೋದದ್ದು, ಒರಿಜಿನಲ್ ಎಂದು ರಿಪೋರ್ಟ್ ಬಂದದ್ದು!

ಬಾಯಿ ತೆರೆಯುವಂತಿಲ್ಲ. ಚಿಕ್ಕಪ್ಪ ಕುಡಿಯುತ್ತಿದ್ದ ಹಾಗೆ ನಾಲ್ಕು ಹನಿ ಬಾವಿನೀರು ಬಿಟ್ಟು, ಬಾಗಿಲು ಹಾಕಿಕೊಂಡು ಹೊರಗೆ ಬಂದ.

ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಎನ್ನುತ್ತಾರೆ. ಅವತ್ತು ಮಳೆ ಬಿಟ್ಟು ಅಂಥ ಬಿಸಿಲು ಹೊಡೆಯುತ್ತಿತ್ತು, ಇಂಟರ್‌ಲಾಕ್ ಹಾಕಿದ ಅಂಗಳದಲ್ಲಿ ಕಾಲಿಡಲಾಗುತ್ತಿರಲಿಲ್ಲ. ಆ ಬಿಸಿಲಲ್ಲೇ ತೀರ್ಥರಾಮ ಅತ್ತಿಂದಿತ್ತ ತಿರುಗಿದ. ಕಂಬಕ್ಕೆ ಒರಗಿ ಮೊಬೈಲು ನೋಡುತ್ತ ನಿಂತಿದ್ದ ಜಯಪ್ರಕಾಶನ ಕೆನ್ನೆಗೆ ಎರಡು ಬಿಗಿಯಬೇಕು ಎಂದು ಕೈ ಕಡಿಯಿತು. ನನಗೆ ಮೋಸ ಮಾಡಿದ್ದು ಸಾಲಲಿಲ್ಲವೇನೋ ನಿನಗೆ? ಹೆತ್ತ ಅಪ್ಪನಿಗೂ ಅದನ್ನೇ ಎರೆದೆಯಾ? ಸತ್ತವರು ಬಂದು ದೂರು ಕೊಡುವುದಿಲ್ಲ ಎಂಬ ಧೈರ್ಯವಾ? ಮಿಲಿಟರಿ ಕ್ಯಾಂಟೀನಿನ ರಮ್ಮನ್ನೇ ಮೂಸಿ ನೋಡಿ ಬೇಡ ಎನ್ನುತ್ತಿದ್ದ ಮನುಷ್ಯ ಈಗ ಬಾಗಿಲ ಆಚೆ ಆ ಎಸೆನ್ಸಿನ ಎದುರು ಕೂತಿದ್ದಾರೆ. ಸೇವಂತಿ ದೂರದಿಂದಲೇ ಕಣ್ಣಲ್ಲಿ ಬೇಡ ಬೇಡ ಎನ್ನುತ್ತಿದ್ದಳು.

ಕಾಲು ಗಂಟೆಯ ನಂತರ ಅವನು ಬಾಗಿಲಿಗೆ ಮೂರು ಸಲ ಬಡಿದು ತೆರೆದ. ಎಲೆಯ ಗ್ಲಾಸಿನಿಂದ ಮೊದಲ ಗುಟುಕು ಬಡಿಸಿದವನೇ ಕುಡಿಯಬೇಕು, ಆಮೇಲೆ ಮಗ, ಆಮೇಲೆ ಉಳಿದವರು. ಚಿಕ್ಕಮ್ಮ ಗ್ಲಾಸು ಎತ್ತಿ ಅವನ ಕೈಗೆ ಕೊಟ್ಟಳು.

"ನಾನು ಇದನ್ನು ಬಾಯಿಗೆ ಇಡುದಿಲ್ಲ ಚಿಕ್ಕಮ್ಮ."

ಸತ್ತವರ ಪ್ರಸಾದ ಬೇಡ ಎನ್ನುವುದೆಂದರೆ ಸಂಬಂಧವೇ ಬೇಡ ಎಂದ ಹಾಗೆ.

"ಎಂತ ಹೇಳಿದೆ ನೀನು?" ಚಿಕ್ಕಮ್ಮನ ದನಿ ಏರಿತು. "ನಿಂಗೆ ಅನ್ನ ಕೊಡಿಸಿದವರು ಅವರು! ಮಗನ ಮೇಲಿನ ಸಿಟ್ಟನ್ನು ಅಪ್ಪನ ಎಲೆಯ ಮೇಲೆ ತೀರಿಸ್ತೀಯಾ? ನಾಚಿಕೆ ಇಲ್ವಾ?"

"ನಾಚಿಕೆ ಇದ್ದದ್ದಕ್ಕೇ ಕುಡಿಯುದಿಲ್ಲ. ಇದು ವಿಸ್ಕಿ ಅಲ್ಲ. ಬಣ್ಣ ಹಾಕಿದ ಸ್ಪಿರಿಟ್!"

"ಶುರುವಾಯ್ತು ಇವನದ್ದು," ಎಂದ ಜಯಪ್ರಕಾಶ. "ಇವನ ಮೂಗೊಂದು ದೊಡ್ಡ ಕೋರ್ಟು ನೋಡಿ. ಕೊಡು ಇಲ್ಲಿ." ಗ್ಲಾಸು ಕಸಿದುಕೊಂಡು ಅರ್ಧ ಕುಡಿದು ಮಗನಿಗೆ ಕೊಟ್ಟ. ಸಂಪ್ರೀತ್ ಉಳಿದದ್ದನ್ನು ಒಂದೇ ಗುಟುಕಿಗೆ ಎತ್ತಿ, "ಸೂಪರ್ ಉಂಟಲ್ಲ ದೊಡ್ಡಪ್ಪ, ಒಳ್ಳೆ ಸ್ಮೂತ್," ಎಂದ.

ತೀರ್ಥರಾಮನಿಗೆ ನಗೆ ಬಂತು, ಸಿಟ್ಟಿನ ನಗೆ. "ಚಿಕ್ಕಮ್ಮ, ನಿಮ್ಮ ಕಪಾಟಿನದ್ದು ತನ್ನಿ. ಒಂದೇ ಒಂದು ಮುಚ್ಚಳ ಸಾಕು. ನಾನು ಸುಳ್ಳು ಅಂತಾದರೆ ಇನ್ನು ನಿಮ್ಮ ಹೊಸ್ತಿಲು ಮೆಟ್ಟುದಿಲ್ಲ."

ಚಿಕ್ಕಮ್ಮ ಅವನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಸೊಂಟದ ಬೀಗದಕೈ ತೆಗೆದು ವಾಸಂತಿಯ ಕೈಗೆ ಹಾಕಿದಳು.

ಬಾಟ್ಲಿ ಬಂತು. ತಳದಲ್ಲಿ ಮೂರು ಬೆರಳಷ್ಟು ಉಳಿದಿತ್ತು, ಮೈಮೇಲೆ ಚಿಕ್ಕಪ್ಪನ ಗೆರೆಗಳು. ತೀರ್ಥರಾಮ ಇನ್ನೊಂದು ಗ್ಲಾಸಿಗೆ ಒಂದು ಮುಚ್ಚಳ ಸುರಿದು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದ. ಮೂಗನ್ನು ಒಳಗೆ ತುರುಕಲಿಲ್ಲ. ಗ್ಲಾಸನ್ನು ಗದ್ದದ ಹತ್ತಿರ ಹಿಡಿದು ಬಾಯಿ ಸ್ವಲ್ಪ ತೆರೆದು ಉಸಿರೆಳೆದ. ತೆರೆದು ವರ್ಷಗಳಾದರೂ ಜೀವ ಇತ್ತು. ಮೊದಲು ಜೇನು, ಅದರ ಕೆಳಗೆ ಹುರಿದ ಧಾನ್ಯ, ಇನ್ನೂ ಕೆಳಗೆ ಕಿತ್ತಳೆ ಸಿಪ್ಪೆ, ಕಟ್ಟಕಡೆಗೆ ಆರಿದ ಒಲೆಯ ತೆಳ್ಳಗಿನ ಹೊಗೆ. ಎರಡು ಹನಿ ನೀರು ಬಿಟ್ಟ. ಬಾಯಿಗೆ ಹಾಕಿ ನಾಲಿಗೆಯ ಮೇಲೆ ನಿಲ್ಲಿಸಿದ. ಸಿಹಿ ಮುಂದೆ ಬಂದು, ಖಾರ ಬದಿಗಳಲ್ಲಿ ಹರಡಿ, ಗಂಟಲಲ್ಲಿ ಇಳಿದ ಮೇಲೂ ಬಹಳ ಹೊತ್ತು ಅಲ್ಲೇ ಇತ್ತು. ಒಂದು ಕ್ಷಣ ಎದುರಿಗೆ ಚಿಕ್ಕಪ್ಪ ಕೂತು "ಈಗ ಹೊಗೆ ಬಂತು ನೋಡು" ಎಂದ ಹಾಗಾಯಿತು. ಕಣ್ಣು ತುಂಬಿತು. ಅದರ ಬೆನ್ನಿಗೇ ಸಿಟ್ಟು ಇಮ್ಮಡಿಯಾಯಿತು.

ಎರಡೂ ಖಾಲಿ ಗ್ಲಾಸುಗಳನ್ನು ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟ. "ಅಸಲು ಮಾಲ್ಟು ಹೋದ ಮೇಲೂ ಗ್ಲಾಸಿನಲ್ಲಿ ಇರ್ತದೆ. ಗಂಡಸರು ಬೇಡ, ಕುಡಿದ ಮೂಗು ಸಾಕ್ಷಿ ಹೇಳುದಿಲ್ಲ. ವಾಸಂತಿ, ಸೇವಂತಿ, ಚಿಕ್ಕಮ್ಮ, ನೀವು ಮೂರೇ ಜನ ಮೂಸಿ."

ಹತ್ತು ನಿಮಿಷಕ್ಕೆ ಗ್ಲಾಸುಗಳು ಒಣಗಿದವು. ವಾಸಂತಿ ಮೊದಲನೆಯದನ್ನು ಮೂಸಿ, "ಎಂತದೂ ಇಲ್ಲ ಭಾವ. ಸ್ವಲ್ಪ ಕೇಕಿನ ಪರಿಮಳ, ಬರ್ತ್‌ಡೇಯದ್ದು," ಎಂದಳು. ಎರಡನೆಯದು ಮೂಸಿದವಳು ಗಂಡನ ಮುಖ ನೋಡಿ ಗ್ಲಾಸನ್ನು ಸೇವಂತಿಯ ಕೈಗೆ ದಾಟಿಸಿದಳು. ಸೇವಂತಿಯೂ ಮೂಸಿ ತಲೆಯಾಡಿಸಿದಳು. ಚಿಕ್ಕಮ್ಮ ಮೊದಲನೆಯದನ್ನು ಹಿಡಿದು ಮುಖ ಕಿವುಚಿ ಕೆಳಗಿಟ್ಟಳು. ಎರಡನೆಯದನ್ನು ಮೂಗಿಗೆ ಹಿಡಿದವಳು ತೆಗೆಯಲೇ ಇಲ್ಲ.

"ದೀಪಾವಳಿಯ ರಾತ್ರೆ ಅವರು ಹೀಗೆ ಪರಿಮಳ ಬರ್ತಿದ್ದರು," ಎಂದಳು. "ಇದು ಅವರದ್ದು." ಆಮೇಲೆ ಮೊದಲನೇ ಗ್ಲಾಸನ್ನು ಮಗನ ಮುಖಕ್ಕೆ ಹಿಡಿದಳು. "ಇದು ಯಾರದ್ದಾ? ಯಾರನ್ನು ಕರೆದು ಬಡಿಸಿದೆ ನೀನು?"

"ಏಜೆಂಟ್ ಮೋಸ ಮಾಡಿರಬೇಕಮ್ಮ. ನಂಗೆ ಹೇಗೆ ಗೊತ್ತಾಗ್ತದೆ? ನಾನು ಮೊನ್ನೆ ತಾನೇ ಹೊಸತಾಗಿ..."

"ಮೊನ್ನೆಯಾ?" ತೀರ್ಥರಾಮ ಬಾಟ್ಲಿಯನ್ನು ತಲೆಕೆಳಗು ಮಾಡಿ ತೋರಿಸಿದ. "ಈ ನಾಲ್ಕು ಚುಕ್ಕೆ ನನ್ನ ಕೈಯದ್ದು. ನಾನು ಕ್ಲಬ್ಬು ಬಿಟ್ಟು ಹನ್ನೊಂದು ತಿಂಗಳಾಯ್ತು. ಇದು ಲ್ಯಾಬಿಗೆ ಹೋದ ಬಾಟ್ಲಿ ಅಲ್ವಾ ಜಯ? ಸೀಲು ಒಡೆದದ್ದು ಯಾರು? ಇವತ್ತು, ಎಲ್ಲರ ಎದುರು, ನೀನು! ನಿನ್ನ ಮಗನ ಮೊಬೈಲಿನಲ್ಲಿ ಫೋಟೊ ಉಂಟು. ಸೀಲು ಇರುವ ಬಾಟ್ಲಿಗೆ ನಾನು ಎಲ್ಲಿಂದ ಬೆರಕೆ ಹಾಕಿದೆ ಹೇಳು!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜಯಪ್ರಕಾಶ ಹೆಗಲು ಮುಟ್ಟಲಿಲ್ಲ, ಬೆವರು ಒರೆಸಿದ. "ಲ್ಯಾಬಿಗೆ ಕಳಿಸ್ಲಿಲ್ಲ ಅಣ್ಣ," ಎಂದ ಕೊನೆಗೆ, ಸಣ್ಣ ದನಿಯಲ್ಲಿ. "ಕಳಿಸಿದ್ರೆ ಎಂತ ಬರ್ತದೋ ಅಂತ ಹೆದರಿಕೆ. ಆದ್ರೆ ಒಳ್ಳೆಯದೇ ಇರ್ಬಹುದು ಅಂತ ಒಂದು ನಂಬಿಕೆ ಇತ್ತು. ನಂಗೆ ವ್ಯತ್ಯಾಸ ಗೊತ್ತಾಗುದಿಲ್ಲ ಮಾರಾಯ. ಅಲ್ಲಿ ಯಾರಿಗೂ ಗೊತ್ತಾಗುದಿಲ್ಲ. ಅಧ್ಯಕ್ಷರು ಹೊಗಳಿ ಆಗಿತ್ತು, ಅವರ ಮಾತು ಹೇಗೆ ಕೆಳಗೆ ಹಾಕುದು?"

"ಅವರ ಮಾತು ಕೆಳಗೆ ಬೀಳ್ಬಾರ್ದು ಅಂತ ನನ್ನ ತಲೆ ಕೆಳಗೆ ಹಾಕಿದ್ಯಾ?" ತೀರ್ಥರಾಮ ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದರು. "ಇಪ್ಪತ್ತೆಂಟು ವರ್ಷ! ಒಂದು ತೊಟ್ಟು ಕದ್ದವನಲ್ಲ! ನಿಮ್ಮಪ್ಪ ನನ್ನ ಹತ್ತಿರ ಕೇಳಿದ ಮಾತಿಗೆ ಉತ್ತರ ಕೊಡಲಿಕ್ಕೆ ಆಗದೆ ಅವರ ಹೆಣಕ್ಕೆ ನೀರು ಬಿಟ್ಟಿದ್ದೇನೆ, ಗೊತ್ತುಂಟಾ ನಿಂಗೆ?"

"ಆಯ್ತು ಅಣ್ಣ, ತಪ್ಪಾಯ್ತು. ಮನೆಯ ಮಾತು ಮನೆಯಲ್ಲೇ ಇರ್ಲಿ. ಈಗ ಊಟ ಮಾಡುವ."

"ಇಲ್ಲ," ಎಂದಳು ಚಿಕ್ಕಮ್ಮ. "ಇವನ ಮಾನ ನೀನು ಮನೆಯೊಳಗೆ ತೆಗೆದದ್ದಾ? ಆ ಫೋನಿನಲ್ಲಿ ತೆಗೆದದ್ದು. ಅದರಲ್ಲೇ ವಾಪಸು ಹಾಕು. ಅವರ ಎಲೆ ಇನ್ನೊಮ್ಮೆ ಹಾಕ್ಬೇಕು. ನೀನು ಬರೆಯುವವರೆಗೆ ಈ ಮನೆಯಲ್ಲಿ ಯಾರೂ ಅನ್ನ ಮುಟ್ಟುವ ಹಾಗಿಲ್ಲ."

"ನನ್ನ ಸೆಕ್ರೆಟರಿ ಪೋಸ್ಟ್ ಹೋಗ್ತದಮ್ಮ!"

"ನಿನ್ನ ಅಪ್ಪನ ಊಟ ಹೋಯ್ತಲ್ಲ!"

ಜಯಪ್ರಕಾಶ ಹೆಂಡತಿಯ ಮುಖ ನೋಡಿದ, ಮಗನ ಮುಖ ನೋಡಿದ. ಯಾರೂ ಅವನ ಕಡೆ ತಿರುಗಲಿಲ್ಲ. ಮೆಟ್ಟಿಲಲ್ಲಿ ಕೂತು ಬರೆದ: ಕಳೆದ ವರ್ಷ ಟೇಸ್ಟಿಂಗಿಗೆ ನಾನು ತರಿಸಿದ ಬಾಟ್ಲಿಗಳು ಡೂಪ್ಲಿಕೇಟ್. ನಾಲ್ಕನೆಯದು ಲ್ಯಾಬಿಗೆ ಹೋಗಿಲ್ಲ, ಅದರ ಸೀಲನ್ನು ನಾನೇ ಇವತ್ತು ಒಡೆದೆ. ತೀರ್ಥರಾಮಣ್ಣ ಅವತ್ತು ಹೇಳಿದ್ದೇ ನಿಜ. ಅವರಿಂದ ನಾನು ಸುಳ್ಳಿಗೆ ಸಹಿ ಹಾಕಿಸಿದೆ. ತೀರ್ಥರಾಮ ಎರಡು ಸಲ ಓದಿ, 'ಸುಳ್ಳಿಗೆ' ಎಂಬುದನ್ನು ಮೂರನೇ ಸಲ ಓದಿ, ಸಂಪ್ರೀತನ ಫೋಟೊ ಜೊತೆಗೆ ಹಾಕಿಸಿದ.

ಗ್ರೂಪಿನಲ್ಲಿ ಯಾರೋ ಒಬ್ಬರು ಕೂಡಲೇ ಕೇಳಿದರು: 'ಹಾಗಾದರೆ ಅವತ್ತು ನಾವು ಕುಡಿದದ್ದು ಎಂತ?'

"ಎಂತ ಬರೆಯುದಣ್ಣ?" ಜಯಪ್ರಕಾಶನ ದನಿ ಅಳುವ ಹಾಗಿತ್ತು.

"ಅಧ್ಯಕ್ಷರ ಹತ್ತಿರ ಕೇಳಿ ಅಂತ ಬರಿ. ಜೇನು, ದ್ರಾಕ್ಷಿ, ಸಮುದ್ರದ ಗಾಳಿ, ಎಲ್ಲ ಅವರಿಗೆ ಗೊತ್ತುಂಟು."

ವಾಸಂತಿ ಒಳಗೆ ಹೊಸ ಬಾಳೆಲೆ ಹಾಕಿದಳು. ತೀರ್ಥರಾಮ ಕೈಕಾಲು ತೊಳೆದು ಬಂದು ಮತ್ತೆ ಅನ್ನ ಬಡಿಸಿದ, ಸಾರು ಬಡಿಸಿದ. ಹಳೇ ಬಾಟ್ಲಿಯಲ್ಲಿ ಉಳಿದದ್ದನ್ನು ಕೊನೆಯ ತೊಟ್ಟಿನವರೆಗೆ ಗ್ಲಾಸಿಗೆ ಬಗ್ಗಿಸಿ, ನಾಲ್ಕು ಹನಿ ಬಾವಿನೀರು ಬಿಟ್ಟ. ಬಾಯಿ ತೆರೆಯುವಂತಿಲ್ಲವಾದ್ದರಿಂದ ಚಿಕ್ಕಪ್ಪನಿಗೆ ಮನಸ್ಸಿನಲ್ಲೇ ಹೇಳಿದ: ನನ್ನ ಕೈ ಹೆದರಿತ್ತು ಚಿಕ್ಕಪ್ಪ, ಮೂಗು ಹೆದರಿರಲಿಲ್ಲ. ಬಾಗಿಲು ಹಾಕಿಕೊಂಡು ಹೊರಗೆ ಬಂದ.

ಆಗ ಜಯಪ್ರಕಾಶನ ಫೋನ್ ಅವನ ಕೈಯಲ್ಲಿ ಗುಂಯ್‌ಗುಡತೊಡಗಿತು. ಅಧ್ಯಕ್ಷರದ್ದು. ನಿಂತಿತು, ಮತ್ತೆ ಶುರುವಾಯಿತು. ಜಯಪ್ರಕಾಶ ಅದನ್ನು ಕಿವಿಯ ಹತ್ತಿರ ಒಯ್ದು, ಅಂಗಳದಾಚೆ ಓಡಿ ಮಾತಾಡಿ ಬರಲೇ ಎಂಬ ಹಾಗೆ ಅಣ್ಣನ ಕಡೆ ನೋಡಿದ.

ತೀರ್ಥರಾಮ ತುಟಿಯ ಮೇಲೆ ಬೆರಳಿಟ್ಟ. ಅಧ್ಯಕ್ಷರು ಏಳು ಸಲ ಫೋನ್ ಮಾಡಿದರು. ಏಳು ಸಲವೂ ಅವನು ಬೆರಳು ತೆಗೆಯಲಿಲ್ಲ. ಒಳಗೆ ಚಿಕ್ಕಪ್ಪ ಕುಡಿಯುತ್ತಿದ್ದರು.